ಸಣ್ಣ ವಿಮಾನಕ್ಕೆ ಬಂಕಿನ ಪೆಟ್ರೋಲ್: ಯಾವುದು ಕೊಳ್ಳಬೇಕು, ಯಾವುದರಲ್ಲಿ ತರಬೇಕು, ಎಲ್ಲಿ ಇಡಬೇಕು

ಮೈಸೂರು, ಮಂಡ್ಯದ ಕಡೆ ಒಂದು ಮೈಕ್ರೋಲೈಟ್ (ಒಂದೆರಡು ಸೀಟಿನ ಬಲು ಹಗುರ ವಿಮಾನ) ಇಟ್ಟುಕೊಳ್ಳಬೇಕು ಅಂತ ಆಸೆಪಟ್ಟವರು ಮೊದಲು ಕೇಳುವುದು ಕ್ಯಾನಿನ ವಿಚಾರ. ಪ್ಲಾಸ್ಟಿಕ್ ಸಾಕೇ, ಕಬ್ಬಿಣದ್ದೇ ಬೇಕೇ, ಒಂದೇ ಸಲ 200 ಲೀಟರಿನ ಡ್ರಮ್ ತಂದಿಟ್ಟುಬಿಟ್ಟರೆ ಓಡಾಟ ತಪ್ಪುತ್ತದಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ತೀರ್ಮಾನವಾಗಬೇಕಾದ್ದು ಅದರೊಳಗೆ ತುಂಬುವ ಪೆಟ್ರೋಲು. ಅದು ಯಾವುದು ಎಂದು ಗೊತ್ತಾದರೆ ಎಷ್ಟು ದೂರದಿಂದ ತರಬೇಕು, ಎಷ್ಟು ದಿನ ಇಡಬಹುದು ಎಂಬುದು ಗೊತ್ತಾಗುತ್ತದೆ. ಆಮೇಲೆ ಕ್ಯಾನು, ಗಾಡಿ, ಶೆಡ್ಡು ಒಂದೊಂದಾಗಿ ತೀರ್ಮಾನವಾಗುತ್ತವೆ. ಹಾಗಾಗಿ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೂರು ಪೆಟ್ರೋಲ್, ಮೂರು ದಾರಿ

ಎರಡು ಸೀಟಿನ ಮೈಕ್ರೋಲೈಟುಗಳಲ್ಲಿ ಹೆಚ್ಚಾಗಿ ಕಾಣುವುದು ರೋಟ್ಯಾಕ್ಸ್ 912 ಎಂಜಿನ್. 80 ಎಚ್‌ಪಿಯ 912 ಯುಎಲ್‌ಗೆ ಕನಿಷ್ಠ 90 ಆಕ್ಟೇನ್ (ಎಂಜಿನ್ನಿನೊಳಗೆ ಅಕಾಲದಲ್ಲಿ ಹೊತ್ತಿಕೊಳ್ಳದಿರುವ ಪೆಟ್ರೋಲಿನ ಗುಣದ ಅಳತೆ) ಬೇಕು, 100 ಎಚ್‌ಪಿಯ 912 ಯುಎಲ್‌ಎಸ್‌ಗೆ ಕನಿಷ್ಠ 95. ಇಂದಿನ ಸಾದಾ ಬಂಕಿನ ಪೆಟ್ರೋಲಿಗೆ ಆಕ್ಟೇನಿನ ಕೊರತೆಯಿಲ್ಲ. 20 ಭಾಗ ಎಥೆನಾಲ್ ಬೆರೆತ ಇ20ಯ ಆಕ್ಟೇನ್ ಹೆಚ್ಚುಕಡಿಮೆ 95 ಬರುತ್ತದೆ. ತೊಡಕಿರುವುದು ಆ ಎಥೆನಾಲ್‌ನಲ್ಲೇ. ರೋಟ್ಯಾಕ್ಸ್ ಕಂಪನಿ ಈ ಎಂಜಿನ್‌ಗಳಿಗೆ ಒಪ್ಪಿರುವುದು ನೂರಕ್ಕೆ 10 ಭಾಗದವರೆಗೆ ಮಾತ್ರ. ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಇ20ಗೆ ಚಾಲನೆ ಸಿಕ್ಕಿತು. ಅಲ್ಲಿಂದೀಚೆಗೆ ಸಾದಾ ಪೆಟ್ರೋಲ್ ಅಂದರೆ ಇ20 ಎಂದೇ ತಿಳಿದು ನಡೆಯುವುದು ಕ್ಷೇಮ.

ಎಥೆನಾಲ್‌ಗೆ ನೀರಿನ ಮೇಲೆ ಆಸೆ ಜಾಸ್ತಿ. ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಎಳೆದುಕೊಂಡಷ್ಟು ದಿನ ಪೆಟ್ರೋಲ್ ತಿಳಿಯಾಗಿಯೇ ಕಾಣುತ್ತದೆ. ಒಂದು ಹದ ಮೀರಿದಾಗ, ಅಥವಾ ತಣ್ಣಗಾದಾಗ, ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ವಿಮಾನದ ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಕೊಳವೆ ಇರುವುದೂ ಆ ತಳದಲ್ಲೇ. ಎಥೆನಾಲ್ ಹೊರಟುಹೋದ ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಕೂಡ ಬಿದ್ದಿರುತ್ತದೆ. ಇದಲ್ಲದೆ ಹಳೆಯ ರಬ್ಬರ್ ಪೈಪು ಊದಿಕೊಳ್ಳುತ್ತದೆ, ಕೆಲವು ಫೈಬರ್ ಟ್ಯಾಂಕುಗಳ ರಾಳ ಮೆತ್ತಗಾಗುತ್ತದೆ, ಟ್ಯಾಂಕಿನೊಳಗೆ ಹಿಂದೆ ಬಳಿದ ಸೀಲೆಂಟ್ ಕರಗಿ ಫಿಲ್ಟರಿಗೆ ಬಂದು ಕೂರುತ್ತದೆ. ಲೀಟರಿಗೆ ಸಿಗುವ ಶಕ್ತಿಯೂ ಕಡಿಮೆ, ಅಂದರೆ ಅಷ್ಟೇ ಟ್ಯಾಂಕಿಗೆ ಹಾರುವ ಹೊತ್ತು ಕಡಿಮೆ. ಎಥೆನಾಲ್ ಕಬ್ಬಿನಿಂದಲೂ ಬರುತ್ತದೆ, ಮಂಡ್ಯದಲ್ಲಿ ನಿಂತು ಅದನ್ನು ಬೇಡ ಅನ್ನುವುದು ಯಾರಿಗೂ ಸಲೀಸಲ್ಲ. ಅದಕ್ಕೆಂದೇ ಮಾಡಿದ ಕಾರಿಗೆ ಹಾಕೋಣ, ರೈತನಿಗೆ ಒಂದು ದಾರಿಯಾಗಲಿ. ವಿಮಾನಕ್ಕೆ ಮಾತ್ರ ಬೇಡ.

ಎರಡನೆಯದು 100 ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 2020ರ ಡಿಸೆಂಬರಿನಲ್ಲಿ ಬಂತು. ಬೇರೆ ಕಂಪನಿಗಳದ್ದೂ ಇಂಥವು ಇವೆ. ದರ ಸಾದಾ ಪೆಟ್ರೋಲಿಗಿಂತ ಬಹಳ ಮೇಲೆ, ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ, ದೊಡ್ಡ ಊರಿನ ಕೆಲವೇ ಬಂಕುಗಳನ್ನು ಹುಡುಕಿಕೊಂಡು ಹೋಗಬೇಕು. ಅದರಲ್ಲಿ ಎಥೆನಾಲ್ ಇಲ್ಲ ಎಂದು ಬಾಯಿಮಾತಿನಲ್ಲಿ ಕೇಳಿ ನಂಬಿ ಬರಬೇಡಿ. ಪರೀಕ್ಷೆ ಸುಲಭ, ಖರ್ಚಿಲ್ಲ. 100 ಮಿಲಿಲೀಟರಿನ ಗೆರೆ ಹಾಕಿದ ಗಾಜಿನ ಅಳತೆ ಕೊಳವೆ ತನ್ನಿ, ಶಾಲಾ ಲ್ಯಾಬಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. 10ರ ಗೆರೆಯವರೆಗೆ ನೀರು ಹಾಕಿ. ಅದರ ಮೇಲೆ 100ರ ಗೆರೆಗೆ ಪೆಟ್ರೋಲ್ ತುಂಬಿ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿ. ಎಥೆನಾಲ್ ಇಲ್ಲದಿದ್ದರೆ ನೀರು ಮತ್ತೆ ಸರಿಯಾಗಿ 10ರ ಗೆರೆಗೇ ಬಂದು ನಿಲ್ಲುತ್ತದೆ. ಇದ್ದರೆ ಅದು ಪೆಟ್ರೋಲ್ ಬಿಟ್ಟು ನೀರಿಗೆ ಸೇರಿ, ಕೆಳಗಿನ ಪದರ ದಪ್ಪವಾಗುತ್ತದೆ. ಇ20 ಆದರೆ 20ರ ಗೆರೆಯನ್ನೂ ದಾಟಿ ಮೇಲೇರಿದ್ದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬಣ್ಣ ಹಾಕಿದ ನೀರು ತೆಗೆದುಕೊಂಡರೆ ಗೆರೆ ಇನ್ನೂ ಸ್ಪಷ್ಟ. ಪ್ರತಿ ಸಲ ಕೊಂಡಾಗಲೂ ಇದನ್ನು ಮಾಡಬೇಕು, ಒಮ್ಮೆ ಮಾಡಿ ಆ ಬಂಕಿಗೆ ಸರ್ಟಿಫಿಕೇಟ್ ಕೊಟ್ಟು ಸುಮ್ಮನಾಗುವ ವಿಷಯ ಅಲ್ಲ.

ಮೂರನೆಯದು ವಿಮಾನಕ್ಕೆಂದೇ ಇರುವ ಆವ್‌ಗ್ಯಾಸ್ 100 ಎಲ್‌ಎಲ್. ನೀಲಿ ಬಣ್ಣ, ಎಥೆನಾಲ್ ಸೊನ್ನೆ, ಆವಿಯಾಗುವ ಗುಣ ಕಡಿಮೆ, ಮುಚ್ಚಿಟ್ಟರೆ ಬಹಳ ಕಾಲ ಕೆಡುವುದಿಲ್ಲ. 2022ರಿಂದ ಇಂಡಿಯನ್ ಆಯಿಲ್‌ನ ವಡೋದರದ ರಿಫೈನರಿಯಲ್ಲಿ ತಯಾರಾಗುತ್ತಿದೆ, ಅಲ್ಲಿಯವರೆಗೆ ಎಲ್ಲವೂ ಆಮದು. ಇದರಲ್ಲಿರುವ ಸೀಸವೇ ರೋಟ್ಯಾಕ್ಸ್‌ಗೆ ಅಡ್ಡಿ. ಪ್ಲಗ್ಗಿನ ಮೇಲೆ, ವಾಲ್ವ್ ಮೇಲೆ, ಎಣ್ಣೆ ಟ್ಯಾಂಕಿನ ತಳದಲ್ಲಿ ಬೂದುಬಣ್ಣದ ಗಸಿ ಕಟ್ಟುತ್ತದೆ. ಹೆಚ್ಚಾಗಿ ಆವ್‌ಗ್ಯಾಸ್ ಮೇಲೇ ಓಡಿಸುವುದಾದರೆ 100 ಗಂಟೆಗೆ ಬದಲಿಸುವ ಎಂಜಿನ್ ಆಯಿಲನ್ನು 50 ಗಂಟೆಗೆ ಅಥವಾ ಅದಕ್ಕೂ ಮೊದಲೇ ಬದಲಿಸಬೇಕು. ಇದು ಬಂಕಿನಲ್ಲಿ ಸಿಗುವ ಸಾಮಾನೂ ಅಲ್ಲ.

ನನ್ನ ಆಯ್ಕೆ ಹೀಗೆ: ರೋಟ್ಯಾಕ್ಸ್ 912 ಇದ್ದವರಿಗೆ, ನೀರಿನ ಪರೀಕ್ಷೆಯಲ್ಲಿ ಪಾಸಾದ 100 ಆಕ್ಟೇನ್ ಪೆಟ್ರೋಲ್. ವಿಮಾನ ತಿಂಗಳುಗಟ್ಟಲೆ ನಿಲ್ಲುತ್ತದೆ ಎಂದಾದರೆ, ಸಿಗುವ ಕಡೆಯಿಂದ ತರಿಸಿ ನಿಲ್ಲಿಸುವ ಮುಂಚೆ ಒಂದು ಸಲ ಆವ್‌ಗ್ಯಾಸ್. ಎರಡನ್ನೂ ಬೆರೆಸಿದರೆ ಈ ಎಂಜಿನ್‌ಗೆ ತೊಂದರೆ ಇಲ್ಲ. ಇನ್ನು ಸೆಸ್ನಾದಂಥ, ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ವಿಮಾನಯಾನ ಇಲಾಖೆ ಕೊಟ್ಟ ಒಪ್ಪಿಗೆ ಪತ್ರ) ಇರುವ ವಿಮಾನಗಳ ಕಥೆಯೇ ಬೇರೆ. ಅಮೆರಿಕದಲ್ಲಿ 1982ರಲ್ಲಿ ಸೆಸ್ನಾ 150ಕ್ಕೆ ಕಾರಿನ ಪೆಟ್ರೋಲ್ ಬಳಸಲು ಮೊದಲ ಒಪ್ಪಿಗೆ ಸಿಕ್ಕಿತು ನಿಜ, ಆದರೆ ಅಂಥ ಒಪ್ಪಿಗೆಗಳು ಸಾಮಾನ್ಯವಾಗಿ ಎಥೆನಾಲ್ ಇಲ್ಲದ ಪೆಟ್ರೋಲಿಗೇ ಸೀಮಿತ. ಕಾಗದದಲ್ಲಿ ಇಲ್ಲದ ಇಂಧನವನ್ನು ಅವುಗಳಿಗೆ ಹಾಕುವ ಹಾಗೇ ಇಲ್ಲ.

ಕಾನೂನು ಹಾಕಿದ ಗೆರೆ

ಕ್ಯಾನು ಆರಿಸುವ ಮುಂಚೆ 1934ರ ಪೆಟ್ರೋಲಿಯಂ ಕಾಯ್ದೆಯ ಎರಡು ಕಲಂ ಓದಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಪೆಟ್ರೋಲ್ ‘ಎ’ ವರ್ಗದ್ದು, ಅಂದರೆ ಎಲ್ಲಕ್ಕಿಂತ ಬೇಗ ಹೊತ್ತಿಕೊಳ್ಳುವ ವರ್ಗ. 8ನೇ ಕಲಂ ಪ್ರಕಾರ ಮಾರುವ ಉದ್ದೇಶ ಇಲ್ಲದೆ 30 ಲೀಟರ್ ಮೀರದಂತೆ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಸಾಗಿಸಬಹುದು. ಆದರೆ ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ ಇರಬೇಕು: ಗಾಜು ಅಥವಾ ಪಿಂಗಾಣಿಯಾದರೆ 1 ಲೀಟರ್ ಮೀರಬಾರದು, ಲೋಹವಾದರೆ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ.

9ನೇ ಕಲಂ ವಾಹನದ ಮಾಲೀಕರಿಗೆ. ವಾಹನದ ಟ್ಯಾಂಕಿನಲ್ಲಿ ಇರುವುದನ್ನು ಬಿಟ್ಟು, ಅದೇ ವಾಹನ ಓಡಿಸಲು ಇನ್ನೂ 100 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಡಬಹುದು. ನಮಗೆ ಖುಷಿಯ ಸಂಗತಿ ಏನೆಂದರೆ, ಈ ಕಾಯ್ದೆಯ ವ್ಯಾಖ್ಯೆಯಲ್ಲಿ ವಾಹನ ಅಂದರೆ ನೆಲ, ನೀರಿನ ಮೇಲೆ ಓಡುವುದಷ್ಟೇ ಅಲ್ಲ, ವಿಮಾನವೂ ಸೇರಿದೆ. ಷರತ್ತು ಎರಡು. ಪಾತ್ರೆ ಮೇಲೆ ಹೇಳಿದಂತೆಯೇ ಇರಬೇಕು. 30 ಲೀಟರ್ ದಾಟಿದರೆ, ಜನ ವಾಸಿಸುವ, ಕೆಲಸ ಮಾಡುವ, ಸೇರುವ ಯಾವ ಕೋಣೆಗೂ ಸಂಪರ್ಕ ಇಲ್ಲದ ಪ್ರತ್ಯೇಕ ಜಾಗದಲ್ಲಿ ಇಡಬೇಕು. ಮನೆಯಲ್ಲಿ ಮೂರು ಗಾಡಿ ಇವೆ, ಆದ್ದರಿಂದ 300 ಲೀಟರ್ ಅನ್ನುವ ಲೆಕ್ಕ ನಡೆಯುವುದಿಲ್ಲ, ಒಟ್ಟು 100 ಅಷ್ಟೇ. ಅದಕ್ಕಿಂತ ಹೆಚ್ಚಾದರೆ ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸರ್ಕಾರದ ಪೆಸೊ ಸಂಸ್ಥೆಯ ನಿಯಮಗಳು, ನಕ್ಷೆ, ಲೈಸೆನ್ಸ್ ಎಲ್ಲ ಬರುತ್ತವೆ.

ಪ್ಲಾಸ್ಟಿಕ್, ಸ್ಟೀಲ್, ಡ್ರಮ್

ಹಾಲು, ಅಡುಗೆ ಎಣ್ಣೆಯ ಬಿಳಿ ಪ್ಲಾಸ್ಟಿಕ್ ಕ್ಯಾನು ಹಗುರ, ಅಗ್ಗ, ಎಷ್ಟಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಆದರೂ ಬೇಡ. ಕಾನೂನಿನ ಮಾತು ಹಾಗಿರಲಿ, ಸ್ಥಾಯಿ ವಿದ್ಯುತ್ತಿನ ಅಪಾಯವೇ ಸಾಕು. ಹರಿಯುವ ಪೆಟ್ರೋಲ್ ತನ್ನೊಳಗೇ ಚಾರ್ಜ್ ಕಟ್ಟಿಕೊಳ್ಳುತ್ತದೆ. ಲೋಹದ ಕ್ಯಾನು ನೆಲದ ಮೇಲಿದ್ದರೆ ಅದು ನೆಲಕ್ಕೆ ಇಳಿದು ಹೋಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಅಲ್ಲೇ ಕೂತಿರುತ್ತದೆ. ಬಾಯಿಯ ಹತ್ತಿರ ನಳಿಕೆ ಬಂದಾಗ ಒಂದು ಕಿಡಿ ಹಾರಿದರೆ ಸಾಕು. ಮೇಲಾಗಿ ಅಂಥ ತೆಳು ಪ್ಲಾಸ್ಟಿಕ್ ಬಿಸಿಲಿಗೆ ಉಬ್ಬುತ್ತದೆ, ಮುಚ್ಚಳದ ಎಳೆ ಸವೆಯುತ್ತದೆ, ಸೂಕ್ಷ್ಮವಾಗಿ ಆವಿ ಸೋರುತ್ತಲೇ ಇರುತ್ತದೆ.

20 ಲೀಟರಿನ ಸ್ಟೀಲ್ ಜೆರ್ರಿ ಕ್ಯಾನು ನನ್ನ ಮಟ್ಟಿಗೆ ಈ ಕೆಲಸಕ್ಕೆ ಹೇಳಿಮಾಡಿಸಿದ ಪಾತ್ರೆ. 1930ರ ದಶಕದಲ್ಲಿ ಜರ್ಮನ್ ಸೇನೆಗೆಂದು ಮಾಡಿದ ವಿನ್ಯಾಸ, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮೇಲೆ ಮೂರು ಹಿಡಿ ಇವೆ: ಒಬ್ಬನೇ ಹೊತ್ತರೆ ನಡುವಿನದು, ಇಬ್ಬರು ಹೊತ್ತರೆ ಆಚೆಈಚೆಯವು; ಖಾಲಿಯಾದಾಗ ಪಕ್ಕಪಕ್ಕದ ಹಿಡಿ ಸೇರಿಸಿ ಒಂದು ಕೈಯಲ್ಲಿ ಎರಡು ಕ್ಯಾನು ಹಿಡಿಯಬಹುದು. ಬದಿಯಲ್ಲಿ ಅಚ್ಚೊತ್ತಿದ ತಗ್ಗು ಗೆರೆಗಳು ಬರೀ ಅಂದಕ್ಕಲ್ಲ, ಪೆಟ್ರೋಲ್ ಹಿಗ್ಗಿದಾಗ ತಗಡು ಅಲ್ಲಿ ಬಾಗಿ ಜಾಗ ಕೊಡುತ್ತದೆ. ಸನ್ನೆಯಿಂದ ಒತ್ತಿ ಕೂರುವ ಮುಚ್ಚಳ, ತಿರುಗಿಸುವ ಮುಚ್ಚಳಕ್ಕಿಂತ ಬಿಗಿ. ಶೇಕಡಾ 5ರಷ್ಟು ಜಾಗ ಖಾಲಿ ಬಿಡಬೇಕಾದ್ದರಿಂದ 20ರ ಕ್ಯಾನಿಗೆ 19 ಲೀಟರ್ ಎಂದಿಟ್ಟುಕೊಳ್ಳಿ. ಪೆಟ್ರೋಲಿನದೇ 14 ಕಿಲೋ, ಕ್ಯಾನಿನದು ಸೇರಿದರೆ 18ರ ಆಸುಪಾಸು. ರೆಕ್ಕೆ ಮೇಲಿರುವ ವಿಮಾನಕ್ಕೆ ಏಣಿ ಹತ್ತಿ ಇದನ್ನು ಎತ್ತಿ ಸುರಿಯುವುದು ಒಬ್ಬರ ಕೆಲಸ ಅಲ್ಲ; ಆಗ 10 ಲೀಟರಿನ ಸ್ಟೀಲ್ ಕ್ಯಾನು ಮೇಲು.

ಕೊಳ್ಳುವಾಗ ವಾಷರ್ ತೆಗೆದು ನೋಡಿ. ಸಾದಾ ರಬ್ಬರ್ ಆದರೆ ಕೆಲವೇ ತಿಂಗಳಲ್ಲಿ ಊದಿ ಕಿತ್ತುಬರುತ್ತದೆ. ಹಳೆಯ ಮಿಲಿಟರಿ ಕ್ಯಾನು ಸಿಕ್ಕಿತು ಅಂತ ಖುಷಿಪಡುವ ಮುಂಚೆ ಕಿಟಕಿ ಬಳಿ ಬೆಳಕಿಗೆ ಹಿಡಿದು ಬಾಯಿಯಿಂದ ಒಳಗೆ ಇಣುಕಿ: ಗೋಡೆ ಒಂದೇ ಬಣ್ಣಕ್ಕೆ ಇರಬೇಕು. ಮೂಲೆಯ ಬೆಸುಗೆಯ ಉದ್ದಕ್ಕೂ ಕೆಂಪು ಚುಕ್ಕೆ ಕಂಡರೆ, ಅಥವಾ ಬೆರಳಿಂದ ಬಡಿದಾಗ ಒಳಗೆ ಸಣ್ಣ ಸದ್ದಿನೊಡನೆ ಪುಡಿ ಉದುರಿದರೆ, ಅದನ್ನು ಜನರೇಟರಿಗೂ ಬಳಸಬೇಡಿ.

200 ಲೀಟರಿನ ಡ್ರಮ್ಮಿಗೆ ಕೈಪಂಪು ಹಾಕಿಟ್ಟರೆ ಚೆಂದ ಎಂದು ಅನ್ನಿಸುವುದು ಸಹಜ. ಅದು 25 ಲೀಟರಿನ ಪಾತ್ರೆಯ ಮಿತಿ ದಾಟಿತು, ಹಾಗಾಗಿ 100 ಲೀಟರೇ ತುಂಬಿದರೂ ವಿನಾಯಿತಿ ಸಿಗದು. ಅದಕ್ಕಿಂತ ಹೆಚ್ಚಾಗಿ, ಅರ್ಧ ಖಾಲಿಯಾದ ಡ್ರಮ್ಮು ಅಂದರೆ 100 ಲೀಟರ್ ಆವಿ. ಹಗಲು ಉಸಿರು ಬಿಡುತ್ತದೆ, ರಾತ್ರಿ ತಣ್ಣನೆ ತೇವದ ಗಾಳಿ ಒಳಗೆಳೆಯುತ್ತದೆ, ತಳದಲ್ಲಿ ನೀರು ಸೇರುತ್ತದೆ. ಖಾಲಿ ಎಂದು ತಿಳಿದು ಯಾರೋ ಅದರ ಮೇಲೆ ವೆಲ್ಡಿಂಗ್ ಮಾಡಿದರೆ ಅನಾಹುತ. ದಿನವೂ ಹಾರಿಸುವ ತರಬೇತಿ ಸಂಸ್ಥೆಗೆ ಲೈಸೆನ್ಸ್ ಪಡೆದ ಟ್ಯಾಂಕು ಸರಿ. ವಾರಾಂತ್ಯದಲ್ಲಿ ಹಾರುವವರಿಗೆ ಡ್ರಮ್ ಬೇಡವೇ ಬೇಡ.

ಎಷ್ಟು ಕ್ಯಾನು ಬೇಕು? 912 ಗಂಟೆಗೆ ಸುಮಾರು 15ರಿಂದ 18 ಲೀಟರ್ ಕುಡಿಯುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಹಾರಾಟ, ಒಟ್ಟು ಮೂರು ಗಂಟೆಗೆ 54 ಲೀಟರ್. ಮೂರು ಕ್ಯಾನಿನಲ್ಲಿ 57 ಬರುತ್ತದೆ, ಟ್ಯಾಂಕಿನ ಮೀಸಲು ಮುಟ್ಟಬೇಕಾಗಿಲ್ಲ. ನಾಲ್ಕನೆಯದನ್ನು ಇಟ್ಟುಕೊಂಡರೂ 76, ಮಿತಿಯೊಳಗೇ. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಪ್ಯಾರಾಚೂಟಿನಂಥ ರೆಕ್ಕೆಯಲ್ಲಿ ಹಾರುವ ಪ್ಯಾರಾಮೋಟರಿನವರಿಗೆ 10 ಲೀಟರಿನ ಒಂದೇ ಸಾಕು. ಟು ಸ್ಟ್ರೋಕ್ ಎಂಜಿನ್ ಆದ್ದರಿಂದ ಎಣ್ಣೆ ಬೆರೆಸಬೇಕು: 1:50 ಆದರೆ 10 ಲೀಟರಿಗೆ 200 ಮಿಲಿ. ಬೆರೆಸಿದ ಕ್ಯಾನಿಗೆ ಬೇರೆ ಬಣ್ಣದ ಪಟ್ಟಿ ಅಂಟಿಸಿ, ಇಲ್ಲದಿದ್ದರೆ ಒಂದು ದಿನ ಅದಲುಬದಲಾಗುತ್ತದೆ.

ಬಂಕಿನಲ್ಲಿ, ದಾರಿಯಲ್ಲಿ

“ಕ್ಯಾನಿಗೆ ಹಾಕಲ್ಲ ಸಾರ್” ಎಂಬ ಉತ್ತರಕ್ಕೆ ತಯಾರಾಗಿ ಹೋಗಿ. ಪಂಪಿನ ಹುಡುಗನ ಹತ್ತಿರ ವಾದಕ್ಕೆ ಇಳಿಯಬೇಡಿ, ಅವನಿಗೆ ಹೇಳಿದ್ದನ್ನು ಅವನು ಮಾಡುತ್ತಿದ್ದಾನೆ. ಮ್ಯಾನೇಜರನ್ನು ಕಂಡು, ಸ್ಟೀಲ್ ಕ್ಯಾನು ತೋರಿಸಿ, ವಿಮಾನದ ನೋಂದಣಿ ಪತ್ರದ ಜೆರಾಕ್ಸ್ ಕೊಟ್ಟು, ಯಾವ ದಿನ ಎಷ್ಟು ಬೇಕು ಎಂದು ಮೊದಲೇ ಹೇಳಿಟ್ಟರೆ ಕೆಲಸ ಹಗುರ. ಒಂದೇ ಬಂಕಿಗೆ ಅಂಟಿಕೊಳ್ಳುವುದು ಇದಕ್ಕೇ ಒಳ್ಳೆಯದು.

ಟ್ಯಾಂಕರ್ ಬಂದು ಇಳಿಸುತ್ತಿದ್ದರೆ ಆ ಹೊತ್ತಿನಲ್ಲಿ ತುಂಬಿಸಬೇಡಿ, ನೆಲದಡಿಯ ಟ್ಯಾಂಕಿನ ತಳದ ಗಸಿ ಎದ್ದಿರುತ್ತದೆ. ಡೆನ್ಸಿಟಿ ತೋರಿಸಿ, ಫಿಲ್ಟರ್ ಪೇಪರ್ ಕೊಡಿ ಎಂದು ಕೇಳುವುದು ಗ್ರಾಹಕರ ಹಕ್ಕು. ನಳಿಕೆಯ ಬಾಯಿ ಒರೆಸಿ ಪೇಪರಿನ ಮೇಲೆ ಒಂದು ಹನಿ ಬಿಡಿ. ಎರಡು ನಿಮಿಷದಲ್ಲಿ ಕಲೆ ಉಳಿಯದಂತೆ ಆರಬೇಕು. ಒಂದೇ ಪೈಪಿನಲ್ಲಿ ಎರಡು ಬಗೆಯ ಪೆಟ್ರೋಲ್ ಕೊಡುವ ಪಂಪಾದರೆ ಮೊದಲ ಒಂದೆರಡು ಲೀಟರ್ ಕಾರಿಗೆ ಹಾಕಿಸಿಕೊಂಡು ಆಮೇಲೆ ಕ್ಯಾನಿಗೆ.

ಕ್ಯಾನನ್ನು ಗಾಡಿಯಿಂದ ಕೆಳಗಿಳಿಸಿ ಕಾಂಕ್ರೀಟ್ ನೆಲದ ಮೇಲಿಟ್ಟೇ ತುಂಬಿಸಬೇಕು, ನಳಿಕೆ ಕ್ಯಾನಿನ ಬಾಯಿಗೆ ತಾಗಿಯೇ ಇರಬೇಕು. ಪಿಕಪ್ಪಿನ ಹಿಂದೆ ಹಾಸಿದ ರಬ್ಬರ್ ಮ್ಯಾಟಿನ ಮೇಲೆ, ಡಿಕ್ಕಿಯ ಕಾರ್ಪೆಟ್ಟಿನ ಮೇಲೆ ಇಟ್ಟು ತುಂಬಿಸಿದರೆ ಲೋಹದ ಕ್ಯಾನೂ ಪ್ಲಾಸ್ಟಿಕ್ಕಿನ ಹಾಗೆಯೇ ಚಾರ್ಜ್ ಹಿಡಿದುಕೊಳ್ಳುತ್ತದೆ.

ತರುವುದಕ್ಕೆ ತೆರೆದ ಪಿಕಪ್ ಎಲ್ಲಕ್ಕಿಂತ ಒಳ್ಳೆಯದು. ಮೂರು ಕ್ಯಾನು ನೆಟ್ಟಗೆ ನಿಲ್ಲಿಸಿ, ಮುಂದಿನ ತಗಡಿಗೆ ಒರಗಿಸಿ ಹಗ್ಗ ಬಿಗಿದು, ಮೇಲೆ ಒದ್ದೆ ಗೋಣಿಚೀಲ ಹಾಕಿ. ಕಾರೇ ಗತಿಯಾದರೆ ಒಂದೆರಡು ಕ್ಯಾನು ಮಾತ್ರ, ಕಿಟಕಿ ಇಳಿಸಿ, ನೇರ ಜಾಗಕ್ಕೆ. ಜೊತೆಯಲ್ಲಿ ಮಕ್ಕಳು ಬೇಡ, ನಡುವೆ ತಿಂಡಿಗೆಂದು ನಿಲ್ಲಿಸುವುದು ಬೇಡ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರು ಒಳಗೆ ಎಷ್ಟು ಕಾಯುತ್ತದೆ ಎಂಬುದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಬೈಕಿನ ಹಿಂದೆ 18 ಕಿಲೋ ಪೆಟ್ರೋಲ್ ಕಟ್ಟಿಕೊಂಡು ಬರುವುದನ್ನು ನಾನು ಒಪ್ಪುವುದಿಲ್ಲ. ಮೈಸೂರಿಂದ ಮಂಡ್ಯದ ಕಡೆಗಾದರೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೂ ಇಲ್ಲ, ಸರ್ವಿಸ್ ರಸ್ತೆಯ ಹಂಪುಗಳ ಮೇಲೆಯೇ ಬರಬೇಕು. ಬಸ್ಸಿನ ಮಾತು ಎತ್ತಲೇಬೇಡಿ.

ಇಡುವ ಜಾಗ

ಇಡದೇ ಇರುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾರುವ ದಿನ ಬೆಳಿಗ್ಗೆ ತನ್ನಿ, ಸೋಸಿ ಟ್ಯಾಂಕಿಗೆ ಹಾಕಿ, ಉಳಿದದ್ದನ್ನು ಸಂಜೆ ಕಾರಿಗೆ ಸುರಿದುಬಿಡಿ. ನಂಜನಗೂಡು ರಸ್ತೆಯ, ಮೈಸೂರು ವಿಮಾನ ನಿಲ್ದಾಣವಿರುವ ಮಂಡಕಳ್ಳಿ ಕಡೆ ಇರುವವರಿಗೆ ಮೈಸೂರು ಊರೊಳಗಿನ ಬಂಕು ದೂರವಲ್ಲ, ಅವರಿಗೆ ಇದು ಸುಲಭ. ಮಂಡ್ಯ ಜಿಲ್ಲೆಯ ಒಳಗೆ, ಅನುಮತಿ ಪಡೆದ ಸ್ವಂತ ರನ್‌ವೇ ಪಟ್ಟಿಯಿಂದ ಹಾರುವವರಿಗೆ ಪ್ರತಿ ಸಲ ಮೈಸೂರಿಗೆ ಬಂದುಹೋಗುವುದು ಕಷ್ಟ, ಅವರು ಇಟ್ಟುಕೊಳ್ಳಲೇಬೇಕು.

ಅಂಥವರಿಗೆ ಎರಡು ದಾರಿ: ವಿಮಾನದ ಟ್ಯಾಂಕಿನಲ್ಲೇ ಬಿಡುವುದು, ಇಲ್ಲ ಕ್ಯಾನಿನಲ್ಲಿ ಶೆಡ್ಡಿನಲ್ಲಿ ಇಡುವುದು. ಎಥೆನಾಲ್ ಇಲ್ಲದ ಪೆಟ್ರೋಲ್ ಆಗಿ, ಮುಂದಿನ ವಾರವೇ ಹಾರುವುದಾದರೆ ಟ್ಯಾಂಕು ತುಂಬಿಸಿ ಬಿಡಿ. ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟೂ ಬೆಳಗಿನ ಜಾವ ಬೆವರುವ ನೀರು ಕಡಿಮೆ. ಅದಕ್ಕಿಂತ ಹೆಚ್ಚು ದಿನ ನಿಲ್ಲುವುದಾದರೆ ಕ್ಯಾನೇ ಸರಿ, ಏಕೆಂದರೆ ಕ್ಯಾನಿನ ಮುಚ್ಚಳ ಬಿಗಿ, ವಿಮಾನದ ಟ್ಯಾಂಕಿಗೆ ಗಾಳಿಕಿಂಡಿ ಇದ್ದೇ ಇರುತ್ತದೆ. ಕ್ಯಾನಿನ ಮೇಲೆ ಕೊಂಡ ತಾರೀಖು ಬರೆಯಿರಿ. ಒಂದು ತಿಂಗಳು ದಾಟಿದ್ದು ವಿಮಾನಕ್ಕೆ ಬೇಡ. ಇನ್ನೂ ಚೆನ್ನಾಗಿಯೇ ಇರಬಹುದು, ಆದರೆ ಮೊದಲು ಹಾರಿಹೋಗುವುದು ಸಲೀಸಾಗಿ ಸ್ಟಾರ್ಟ್ ಆಗಲು ಬೇಕಾದ ಹಗುರ ಭಾಗವೇ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಹೊಸಿಲು ದಾಟಿ ಪಕ್ಕದ ಕೋಣೆಗೆ ಹೋಗುತ್ತದೆ. ಆದ್ದರಿಂದ ಶೆಡ್ಡಿನ ಮೇಲಿನ ಕಿಟಕಿಯೊಂದೇ ಸಾಲದು, ಗೋಡೆಯ ಬುಡದಲ್ಲೂ ಜಾಲರಿ ಹಾಕಿದ ಕಿಂಡಿ ಬೇಕು. ಪಂಪ್‌ಸೆಟ್ ಸ್ಟಾರ್ಟರ್ ಇರುವ ಮನೆಯಲ್ಲಿ ಇಡಲೇಬಾರದು. ಪ್ರತಿ ಸಲ ಆನ್ ಆಗುವಾಗಲೂ ಅದರೊಳಗೆ ಕಿಡಿ ಹಾರುತ್ತದೆ, ಆಟೋ ಸ್ಟಾರ್ಟರ್ ಆದರೆ ರಾತ್ರಿ ಯಾರೂ ಇಲ್ಲದಾಗಲೂ ಹಾರುತ್ತದೆ. ನಮ್ಮ ಕಡೆಯ ಇನ್ನೊಂದು ಅಪಾಯ ಕಬ್ಬಿನ ತರಗು. ಕಟಾವು ಮುಗಿದ ಮೇಲೆ ಪಕ್ಕದ ಗದ್ದೆಯವರು ಬೆಂಕಿ ಇಟ್ಟರೆ ಗಾಳಿಗೆ ಉರಿಯುವ ಗರಿಗಳು ದೂರದೂರಕ್ಕೆ ಹಾರಿ ಬೀಳುತ್ತವೆ. ಶೆಡ್ಡಿನ ಸುತ್ತ ಹುಲ್ಲು ಕೆತ್ತಿ ಬೋಳು ಮಣ್ಣು ಬಿಡಿ, ತೆಂಗಿನ ಗರಿಯ ಚಪ್ಪರ ಬೇಡ, ಅಕ್ಕಪಕ್ಕದ ಗದ್ದೆಯಣ್ಣಂದಿರಿಗೆ ಒಂದು ಮಾತು ಹೇಳಿ ಸುಡುವ ದಿನ ಮೊದಲೇ ತಿಳಿಸುವಂತೆ ಕೇಳಿಕೊಳ್ಳಿ. ಡಿಸಿಪಿ (ಒಣ ರಾಸಾಯನಿಕ) ಪುಡಿಯ ಅಗ್ನಿಶಾಮಕವನ್ನು ಬಾಗಿಲ ಹೊರಗೆ ನೇತುಹಾಕಿ, ಒಳಗಲ್ಲ. ಎರಡು ಬಕೆಟ್ ಒಣ ಮರಳು ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಉರಿ ನೀರಿನ ಮೇಲೇ ತೇಲಿ ಹರಡುತ್ತದೆ.

ಟ್ಯಾಂಕಿಗೆ ಸುರಿಯುವಾಗ

ಎಂಜಿನ್ ಆರಿರಲಿ, ಸ್ವಿಚ್ಚುಗಳೆಲ್ಲ ಆಫ್. ಕ್ಯಾನಿನಿಂದ ವಿಮಾನದ ಲೋಹದ ಭಾಗಕ್ಕೆ ಎರಡು ತುದಿಗೂ ಕ್ಲಿಪ್ ಇರುವ ತಾಮ್ರದ ವೈರ್ ಕಟ್ಟಿ ಆಮೇಲೆ ಮುಚ್ಚಳ ತೆಗೆಯಿರಿ. ಮುಚ್ಚಳ ಬಿಚ್ಚಿದ ಮೇಲೆ ವೈರ್ ಹುಡುಕಿದರೆ ಪ್ರಯೋಜನವಿಲ್ಲ. ಹಿಂದೆ ಶಾಮಿ ಚರ್ಮದಲ್ಲಿ ಸೋಸುತ್ತಿದ್ದರು. ಈಗ ನೀರನ್ನು ತಡೆಯುವ ಜಾಲರಿಯ, ಕರೆಂಟ್ ಹರಿಯಬಲ್ಲ ಕಪ್ಪು ಪ್ಲಾಸ್ಟಿಕ್ಕಿನ ಫನೆಲ್ ಸಿಗುತ್ತದೆ, ಅದು ಹೆಚ್ಚು ನಂಬಿಕೆಗೆ ಯೋಗ್ಯ. ಆದರೂ ಎಥೆನಾಲಿನಲ್ಲಿ ಕರಗಿಹೋದ ನೀರನ್ನು ಯಾವ ಜಾಲರಿಯೂ ಹಿಡಿಯದು. ಕ್ಯಾನಿನ ಕೊನೆಯ ಅರ್ಧ ಲೀಟರ್ ಸುರಿಯಬೇಡಿ. ಅದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ, ತಳದಲ್ಲಿ ಹನಿಯೋ ಮಣ್ಣೋ ಇದ್ದರೆ ಅಲ್ಲಿಯೇ ಕಾಣುತ್ತದೆ. ಸುರಿದ ಮೇಲೆ ಕಾಲು ಗಂಟೆ ಬಿಟ್ಟು ಟ್ಯಾಂಕಿನ ತಳದ ಡ್ರೈನ್‌ನಿಂದಲೂ ಒಂದು ಲೋಟ ತೆಗೆದು ನೋಡಿ. ಅದು ತಿಳಿಯಾಗಿ ಬರುವವರೆಗೂ ವಿಮಾನವನ್ನು ಹೊರಗೆ ತಳ್ಳಬೇಡಿ.